ಎಸೆದದ್ದರ ಲೆಕ್ಕ: ಡಿಜಿಟಲ್ ಚಿತ್ರ, ಕಣ್ಣು ಮತ್ತು ಯಂತ್ರ



ದೀಪ ಹಚ್ಚುವಾಗ ಮುಂದಿನ ಸಾಲುಗಳಲ್ಲಿ ನನಗೆ ಮುಖಗಳಿಗಿಂತ ಹೆಚ್ಚಾಗಿ ಕಂಡದ್ದು ಮೊಬೈಲುಗಳು. ತಪ್ಪೇನಿಲ್ಲ, ಇವತ್ತಿನ ಮಾತಿಗೆ ಬೇಕಾದ ಉದಾಹರಣೆಯನ್ನು ನೀವೇ ಒದಗಿಸಿದಿರಿ. ಒಂದು ಲೆಕ್ಕ ಹಾಕೋಣ. 12 ಮೆಗಾಪಿಕ್ಸೆಲ್ ಫೋಟೊ ಎಂದರೆ 1 ಕೋಟಿ 20 ಲಕ್ಷ ಚುಕ್ಕೆಗಳು. ಒಂದೊಂದು ಚುಕ್ಕೆಗೂ ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು ಎಂದು ಮೂರು ಸಂಖ್ಯೆ, ಪ್ರತಿ ಸಂಖ್ಯೆಗೆ ಒಂದು ಬೈಟ್. ಒಟ್ಟು 3 ಕೋಟಿ 60 ಲಕ್ಷ ಬೈಟ್, ಅಂದರೆ ಸುಮಾರು 36 ಎಂಬಿ. ಈಗ ಗ್ಯಾಲರಿ ತೆರೆದು ಆ ಫೋಟೊದ ಗಾತ್ರ ನೋಡಿ. ಮೂರೋ ನಾಲ್ಕೋ ಎಂಬಿ ಇರುತ್ತದೆ. ಅದನ್ನೇ ವಾಟ್ಸ್ಆ್ಯಪ್‌ನಲ್ಲಿ ಮನೆಗೆ ಕಳಿಸಿದ್ದರೆ ಇನ್ನೂ ಇಳಿದು ಕೆಲವು ನೂರು ಕೆಬಿಗೆ ಬಂದು ನಿಂತಿರುತ್ತದೆ. ಉಳಿದದ್ದು ಎಲ್ಲಿಗೆ ಹೋಯಿತು? ತೆಗೆದವರು ಯಾರು, ಯಾರನ್ನು ಕೇಳಿ ತೆಗೆದರು?

ಕಂಪ್ಯೂಟರ್ ವಿಷನ್ ಎಂದೊಡನೆ ಈಗ ಎಲ್ಲರೂ ಮುಖ ಗುರುತಿಸುವ ಕ್ಯಾಮೆರಾ, ಚಾಲಕನಿಲ್ಲದ ಕಾರು ಇವುಗಳ ಮಾತಿಗೆ ಹೋಗುತ್ತಾರೆ. ನಾನು ಅಲ್ಲಿಗೆ ತಡವಾಗಿ ಬರುತ್ತೇನೆ. ಯಂತ್ರ ಚಿತ್ರವನ್ನು ನೋಡುವುದಕ್ಕೆ ಮೊದಲೇ ಯಾರೋ ಒಬ್ಬರು ಆ ಚಿತ್ರದಿಂದ ಬಹುಪಾಲನ್ನು ತೆಗೆದು ಹಾಕಿರುತ್ತಾರೆ. ತೆಗೆಯುವಾಗ ಅವರ ಮನಸ್ಸಿನಲ್ಲಿ ಒಬ್ಬ ನೋಡುಗ ಇದ್ದ. ಇವನಿಗೆ ಇಷ್ಟು ಸಾಕು, ಅದು ಇವನಿಗೆ ಕಾಣುವುದೇ ಇಲ್ಲ ಎಂದು ಅವನ ಪರವಾಗಿ ತೀರ್ಮಾನಿಸಿದರು. ಆ ನೋಡುಗ ಬದಲಾದರೆ ತೀರ್ಮಾನ ಉಳಿಯುತ್ತದೆಯೇ ಎಂಬುದೇ ಇವತ್ತಿನ ವಿಷಯ.

ಹಿಂದಿನಿಂದ ಬರೋಣ. 1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರಸೆಲ್ ಕರ್ಶ್ ಎಂಬ ಎಂಜಿನಿಯರು ತನ್ನ ಮೂರು ತಿಂಗಳ ಮಗ ವಾಲ್ಡನ್‌ನ ಫೋಟೊವನ್ನು ಸೀಯಾಕ್ ಎಂಬ ಕಂಪ್ಯೂಟರಿಗೆ ಉಣಿಸಿದರು. ಸ್ಕ್ಯಾನ್ ಆದ ಮೊದಲ ಡಿಜಿಟಲ್ ಚಿತ್ರಗಳಲ್ಲಿ ಅದು ಒಂದು. ಅಡ್ಡಕ್ಕೆ 176 ಚುಕ್ಕೆ, ಉದ್ದಕ್ಕೆ 176 ಚುಕ್ಕೆ, ಮುಗಿಯಿತು. ಆ ಯಂತ್ರಕ್ಕೆ ಪ್ರತಿ ಚುಕ್ಕೆಯೂ ಕಪ್ಪು ಅಥವಾ ಬಿಳಿ. ನಡುವಿನದು ಗೊತ್ತೇ ಇರಲಿಲ್ಲ. ಮಗುವಿನ ಕೆನ್ನೆಗೆ ಬೂದುಬಣ್ಣ ಬರಬೇಕೆಂದರೆ ಅದೇ ಫೋಟೊವನ್ನು ಬೇರೆ ಬೇರೆ ಮಿತಿಗಳಲ್ಲಿ ಹಲವು ಸಲ ಸ್ಕ್ಯಾನ್ ಮಾಡಿ ಕೂಡಿಸಬೇಕಾಯಿತು. ಚುಕ್ಕೆಯನ್ನು ಚೌಕವಾಗಿ ಇಟ್ಟದ್ದೂ ಕರ್ಶ್ ಅವರೇ. ಬೇರೆ ಆಕಾರ ಇಡಬಹುದಿತ್ತು ಎಂದು ಇಳಿವಯಸ್ಸಿನಲ್ಲಿ ಅವರಿಗೆ ಅನ್ನಿಸಿತಂತೆ, ಆದರೆ ಅಷ್ಟು ಹೊತ್ತಿಗೆ ಜಗತ್ತಿನ ಪರದೆಗಳೆಲ್ಲ ಚೌಕವಾಗಿ ಹೋಗಿದ್ದವು.

ಎಂಟು ವರ್ಷದ ನಂತರ, 1965ರ ಜುಲೈಯಲ್ಲಿ, ಮ್ಯಾರಿನರ್-4 ನೌಕೆ ಮಂಗಳನ ಪಕ್ಕದಲ್ಲಿ ಹಾದು ಹೋಗುತ್ತ ಇಪ್ಪತ್ತೆರಡು ಚಿತ್ರ ತೆಗೆಯಿತು, ಕೊನೆಯದು ಅರೆಬರೆ. ಒಂದೊಂದು ಚಿತ್ರ 200 ಸಾಲು, ಸಾಲಿಗೆ 200 ಚುಕ್ಕೆ, ಚುಕ್ಕೆಗೆ 6 ಬಿಟ್. ಒಟ್ಟು 2 ಲಕ್ಷ 40 ಸಾವಿರ ಬಿಟ್. ಇವತ್ತು ಯಾರೂ ತಿರುಗಿ ನೋಡದಷ್ಟು ಚಿಕ್ಕದು. ಆದರೆ ಅದು ಭೂಮಿಗೆ ಬರುತ್ತಿದ್ದ ವೇಗ ಸೆಕೆಂಡಿಗೆ ಎಂಟೂ ಚಿಲ್ಲರೆ ಬಿಟ್. ಒಂದು ಚಿತ್ರಕ್ಕೆ ಎಂಟು ತಾಸು! ಕಾಯಲಾರದ ಎಂಜಿನಿಯರುಗಳು ಬಂದ ಸಂಖ್ಯೆಗಳನ್ನು ಕಾಗದದ ಪಟ್ಟಿಗಳ ಮೇಲೆ ಮುದ್ರಿಸಿ, ಗೋಡೆಗೆ ಅಂಟಿಸಿ, ಇಷ್ಟರಿಂದ ಇಷ್ಟರವರೆಗಿನ ಸಂಖ್ಯೆಗೆ ಇಂಥ ಬಣ್ಣ ಎಂದು ಗೊತ್ತುಮಾಡಿಕೊಂಡು ಬಣ್ಣದ ಕಡ್ಡಿಯಿಂದ ಕೈಯಲ್ಲೇ ತುಂಬಿದರು. ಮಂಗಳನ ಆ ಚಿತ್ರ ಅಂಗನವಾಡಿಯ ಚಾರ್ಟಿನಂತೆ ತಯಾರಾಯಿತು. ಚಿತ್ರವನ್ನು ಕುಗ್ಗಿಸುವ ವಿದ್ಯೆ ಏಕೆ ಬೇಕಾಯಿತು ಎನ್ನುವುದಕ್ಕೆ ಆ ಎಂಟು ತಾಸಿಗಿಂತ ಬೇರೆ ಸಾಕ್ಷಿ ಬೇಡ.

ಇಲ್ಲಿಂದ ಕಥೆ ಬೆಂಗಳೂರಿಗೆ ಬರುತ್ತದೆ. ಬಲವಂತವಾಗಿ ನಾನು ಎಳೆದು ತಂದದ್ದಲ್ಲ.

ಚಿತ್ರ ಕುಗ್ಗಿಸುವ ದಾರಿ ತೋರಿಸಿದ ನಾಸಿರ್ ಅಹ್ಮದ್ ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದವರು. ಬಿಷಪ್ ಕಾಟನ್ ಶಾಲೆಯಲ್ಲಿ ಓದು, ಆಮೇಲೆ ಕೆ.ಆರ್. ವೃತ್ತದ ಎಂಜಿನಿಯರಿಂಗ್ ಕಾಲೇಜು, ಅಂದರೆ ನಾವು ಈಗ ಯುವಿಸಿಇ ಎನ್ನುವ, ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ ಸಂಸ್ಥೆ. 1961ರಲ್ಲಿ ಪದವಿ ಮುಗಿಸಿ ಅಮೆರಿಕಕ್ಕೆ ಹೋದರು, ನ್ಯೂ ಮೆಕ್ಸಿಕೊದಲ್ಲಿ ಪಿಎಚ್.ಡಿ. ಮಾಡಿದರು, 1968ರಿಂದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾದರು. ಅವರನ್ನು ಕಾಡುತ್ತಿದ್ದ ಸಮಸ್ಯೆ ಇದು. ಒಂದು ಚಿತ್ರದ ಸಂಖ್ಯೆಗಳನ್ನು ಬೇರೆ ರೀತಿಯಲ್ಲಿ ಜೋಡಿಸಿ, ಸಾರವೆಲ್ಲ ಕೆಲವೇ ಸಂಖ್ಯೆಗಳಲ್ಲಿ ಬಂದು ಕೂರುವಂತೆ ಮಾಡಬಹುದೆ? ಗಣಿತಜ್ಞರ ಬಳಿ ಇದಕ್ಕೆ ಅತ್ಯುತ್ತಮ ಉತ್ತರ ಆಗಲೇ ಇತ್ತು. ಕಾರುನೆನ್-ಲೋವೆ ರೂಪಾಂತರ ಎಂದು ಅದರ ಹೆಸರು. ಆದರೆ ಅದು ದರ್ಜಿಯ ಬಳಿ ಅಳತೆ ಕೊಟ್ಟು ಹೊಲಿಸುವ ಅಂಗಿ: ಪ್ರತಿ ಚಿತ್ರಕ್ಕೂ ಹೊಸದಾಗಿ ಲೆಕ್ಕ ಹಾಕಬೇಕು, ಆ ಅಳತೆಯನ್ನೂ ಚಿತ್ರದ ಜೊತೆಗೇ ಕಳಿಸಬೇಕು. ಅಹ್ಮದ್ ಹುಡುಕಿದ್ದು ಬಹುತೇಕ ಎಲ್ಲರ ಮೈಗೂ ಕೂರುವ ಒಂದು ರೆಡಿಮೇಡ್ ಅಂಗಿಯನ್ನು. ಕೊಸೈನ್ ಅಲೆಗಳಿಂದ ಅದು ಸಾಧ್ಯ ಎಂದು ಅವರಿಗೆ ಹೊಳೆಯಿತು.

1972ರಲ್ಲಿ ಅವರು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್‌ಗೆ ಅರ್ಜಿ ಹಾಕಿದರು. ಅನುದಾನ ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತು ಎಂಬ ಅರ್ಥದಲ್ಲಿ ಪರಿಶೀಲಕರೊಬ್ಬರು ಬರೆದದ್ದನ್ನು ಅಹ್ಮದ್ ಮುಂದೆ 1991ರ ಲೇಖನವೊಂದರಲ್ಲಿ ನೆನೆದುಕೊಂಡಿದ್ದಾರೆ. ಅನುದಾನ ಇಲ್ಲದಿದ್ದರೂ ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿದ್ದ ಗೆಳೆಯ ಕೆ. ಆರ್. ರಾವ್ ಅವರನ್ನು ಜೊತೆಗಿಟ್ಟುಕೊಂಡು ಕೆಲಸ ಮುಗಿಸಿದರು. 1974ರ ಜನವರಿಯಲ್ಲಿ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ಪ್ರಬಂಧ ಬಂತು. ಮೂರ್ನಾಲ್ಕು ಪುಟ ಅಷ್ಟೆ. ನಮ್ಮಲ್ಲಿ ಪ್ರಬಂಧಗಳನ್ನು ತೂಕದ ಮೇಲೆ ಅಳೆಯುವ ಸಮಿತಿಗಳಿಗೆ ಆ ಪುಟಗಳನ್ನು ಒಮ್ಮೆ ತೋರಿಸಬೇಕು ಎಂದು ನನಗೆ ಬಹಳ ಸಲ ಅನ್ನಿಸಿದೆ.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ಹಲಗೆಯ ಮೇಲೆ ಬರೆದೇ ತೋರಿಸುತ್ತೇನೆ. ಗಣಿತ ಬೇಡ ಎನ್ನುವವರು ಸಂಖ್ಯೆಗಳ ಚಹರೆಯನ್ನಷ್ಟೇ ನೋಡಿದರೆ ಸಾಕು. ಒಂದು ಫೋಟೊದ ಆಕಾಶದಲ್ಲಿ ಒಂದು ಸಾಲಿನ ಎಂಟು ಚುಕ್ಕೆ ಆರಿಸಿಕೊಳ್ಳಿ. ಎಡದಿಂದ ಬಲಕ್ಕೆ ಬೆಳಕು ನಿಧಾನವಾಗಿ ಏರುತ್ತಿದೆ:

100, 110, 120, 130, 140, 150, 160, 170.

ಕೊಸೈನ್ ರೂಪಾಂತರ ಮಾಡಿದರೆ ಇದೇ ಎಂಟು ಸಂಖ್ಯೆಗಳು, ದಶಾಂಶ ಬಿಟ್ಟು, ಹೀಗಾಗುತ್ತವೆ:

382, −64, 0, −7, 0, −2, 0, −1.

ಮೊದಲನೆಯದು ಸಾಲಿನ ಒಟ್ಟಾರೆ ಬೆಳಕು. ಎರಡನೆಯದು ನಿಧಾನದ ಏರಿಳಿತ. ಬಲಕ್ಕೆ ಹೋದಷ್ಟೂ ಹೆಚ್ಚು ಹೆಚ್ಚು ಚುರುಕಾದ ಅಲೆಗಳ ಪಾಲು, ಮತ್ತು ಅದು ಹೆಚ್ಚುಕಡಿಮೆ ಸೊನ್ನೆ. ಈಗ ಮೊದಲ ಎರಡನ್ನು ಇಟ್ಟುಕೊಂಡು ಉಳಿದ ಆರನ್ನೂ ಎಸೆದುಬಿಡೋಣ. ಎರಡೇ ಸಂಖ್ಯೆಯಿಂದ ಸಾಲನ್ನು ಮರಳಿ ಕಟ್ಟಿದರೆ ಸಿಗುವುದು:

103, 108, 117, 129, 141, 153, 162, 167.

ಮೂಲಕ್ಕೆ ಹೋಲಿಸಿ. ಎಲ್ಲಿಯೂ ಮೂರಕ್ಕಿಂತ ಹೆಚ್ಚಿನ ವ್ಯತ್ಯಾಸವಿಲ್ಲ. 256 ಮೆಟ್ಟಿಲುಗಳ ಬೆಳಕಿನಲ್ಲಿ ಮೂರು ಮೆಟ್ಟಿಲು ಆಚೀಚೆಯಾದದ್ದನ್ನು ಆಕಾಶ ನೋಡುವ ಯಾವ ಕಣ್ಣೂ ಹಿಡಿಯುವುದಿಲ್ಲ. ಮುಕ್ಕಾಲು ಪಾಲು ಎಸೆದಿದ್ದೇವೆ, ಆಕಾಶ ಆಕಾಶವಾಗಿಯೇ ಇದೆ. ಆ ಪ್ರಬಂಧದ ಸೊಗಸು ಇಷ್ಟೇ, ಇದಕ್ಕಿಂತ ಕಡಿಮೆಯೂ ಅಲ್ಲ.

ಮುಂದಿನದು ಸಮಿತಿಗಳ ಕಥೆ, ಬೇಗ ಮುಗಿಸುತ್ತೇನೆ. ಸ್ಥಿರಚಿತ್ರಗಳಿಗೆ ಒಂದು ಅಂತರರಾಷ್ಟ್ರೀಯ ಮಾನಕ ಬೇಕೆಂದು 1986ರಲ್ಲಿ ಒಂದು ತಂಡ ಸೇರಿತು. ಅದರ ಹೆಸರಿನ ಮೊದಲಕ್ಷರಗಳೇ ಜೆಪೆಗ್. 1987ರಲ್ಲಿ ಕೋಪನ್‌ಹೇಗನ್‌ನಲ್ಲಿ ಹನ್ನೆರಡು ಪ್ರಸ್ತಾವಗಳನ್ನು ಪರೀಕ್ಷಿಸಿ ಮೂರಕ್ಕೆ ಇಳಿಸಿದರು, 1988ರ ಜನವರಿಯಲ್ಲಿ ಕೊಸೈನ್ ರೂಪಾಂತರವನ್ನು ನೆಚ್ಚಿದ ವಿಧಾನ ಗೆದ್ದಿತು, 1992ರಲ್ಲಿ ಮಾನಕ ಹೊರಬಂತು. ಚಲಿಸುವ ಚಿತ್ರಗಳ ಎಂಪೆಗ್ ಕೂಡ ಇದೇ ಬೇರಿನ ಮೇಲೆ ನಿಂತಿತು. ತೀರಾ ಸರಳ ಎನ್ನಿಸಿಕೊಂಡ ವಿಚಾರ ಇವತ್ತು ಕೋಟ್ಯಂತರ ಜೇಬುಗಳಲ್ಲಿದೆ.

ನಿಲ್ಲಬೇಕಾದ ಜಾಗ ಬೇರೆ ಇದೆ. ಜೆಪೆಗ್ ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಿಂದ 64 ಕೊಸೈನ್ ಸಂಖ್ಯೆ ಬರುತ್ತವೆ. ಅವುಗಳನ್ನು ಇನ್ನೊಂದು 64 ಸಂಖ್ಯೆಗಳ ಕೋಷ್ಟಕದಿಂದ ಭಾಗಿಸಿ, ಬಂದದ್ದನ್ನು ಹತ್ತಿರದ ಪೂರ್ಣಾಂಕಕ್ಕೆ ತರುತ್ತಾರೆ. ಎಸೆಯುವ ಕೆಲಸ ನಡೆಯುವುದು ಇಲ್ಲಿ. ಮಾನಕದ ಜೊತೆ ಮಾದರಿಯಾಗಿ ಕೊಟ್ಟ ಕೋಷ್ಟಕದ ಎಡ ಮೇಲ್ಮೂಲೆಯ ಭಾಜಕ 16, ಬಲ ಕೆಳಮೂಲೆಯದು 99. ಅಲ್ಲಿ, ಅತ್ಯಂತ ಚುರುಕು ಅಲೆಯ ಜಾಗದಲ್ಲಿ, 40 ಇದ್ದರೆ ಏನಾಗುತ್ತದೆ? 40ನ್ನು 99ರಿಂದ ಭಾಗಿಸಿದರೆ 0.4, ಪೂರ್ಣಾಂಕಕ್ಕೆ ತಂದರೆ ಸೊನ್ನೆ. ಹೋಯಿತು. ಫೈಲನ್ನು ಯಾರು ಎಷ್ಟು ತಡಕಿದರೂ ಅದು ಮರಳಿ ಸಿಗುವುದಿಲ್ಲ. ಕೋಷ್ಟಕದ ಸಂಖ್ಯೆಗಳು ಆಕಾಶದಿಂದ ಉದುರಿದ್ದಲ್ಲ. ಮನುಷ್ಯರ ಕಣ್ಣು ಯಾವ ಬದಲಾವಣೆಯನ್ನು ಗಮನಿಸುತ್ತದೆ, ಯಾವುದನ್ನು ಗಮನಿಸುವುದಿಲ್ಲ ಎಂಬ ಪ್ರಯೋಗಗಳಿಂದ ಬಂದದ್ದು. ಇದೇ ಕೋಷ್ಟಕ ಬಳಸಿ ಎಂದು ಮಾನಕ ಕಡ್ಡಾಯ ಮಾಡಲೂ ಇಲ್ಲ. ಆದರೂ ಮಾದರಿಗೆಂದು ಕೊಟ್ಟದ್ದನ್ನೇ ಹಿಗ್ಗಿಸಿ ಕುಗ್ಗಿಸಿ ಲೆಕ್ಕವಿಲ್ಲದಷ್ಟು ತಂತ್ರಾಂಶಗಳು ಬಳಸಿದವು. ಮಾದರಿ ಉತ್ತರವನ್ನೇ ಪರೀಕ್ಷೆಯಲ್ಲಿ ಬರೆಯುವ ಅಭ್ಯಾಸ ನಮ್ಮ ಮಕ್ಕಳಿಗೆ ಮಾತ್ರ ಇರುವುದಲ್ಲ.

ಬಣ್ಣದ ವಿಷಯದಲ್ಲಿ ಜೆಪೆಗ್ ಇನ್ನೂ ಧಾರಾಳಿ. ಬೆಳಕು ನೆರಳಿನ ಸೂಕ್ಷ್ಮವನ್ನು ಹಿಡಿಯುವಷ್ಟು ಬಣ್ಣದ ಸೂಕ್ಷ್ಮವನ್ನು ನಮ್ಮ ಕಣ್ಣು ಹಿಡಿಯುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ನಾಲ್ಕು ಚುಕ್ಕೆಗೆ ಸೇರಿಸಿ ಒಂದೇ ಬಣ್ಣದ ಮಾಹಿತಿ ಇಡುತ್ತಾರೆ. ನಾಲ್ಕು ಚುಕ್ಕೆಗೆ ಇದ್ದ ಹನ್ನೆರಡು ಸಂಖ್ಯೆ ಕೊಸೈನ್ ಮಾತಿಗೆ ಬರುವ ಮೊದಲೇ ಆರಕ್ಕೆ ಇಳಿಯಿತು. ಮುಖದ ಫೋಟೊದಲ್ಲಿ ಇದು ಗೊತ್ತಾಗುವುದಿಲ್ಲ. ನವೆಂಬರ್ ತಿಂಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ರಾಜ್ಯೋತ್ಸವದ ಪೋಸ್ಟರುಗಳನ್ನು ದೊಡ್ಡದು ಮಾಡಿ ನೋಡಿ: ಹಳದಿಯ ಮೇಲಿನ ಕೆಂಪು ಅಕ್ಷರದ ಅಂಚಿನಲ್ಲಿ ಬಣ್ಣ ಕದಡಿ ಹೊರಗೆ ಸೋರಿರುತ್ತದೆ.

ಅಕ್ಷರದ ಮಾತು ಬಂತು. ಈಗ ಹಲಗೆಯ ಮೇಲೆ ಎರಡನೆಯ ಲೆಕ್ಕ. ಬಿಳಿ ಕಾಗದ, ಅದರ ಮೇಲೆ ಒಂದು ಸಣ್ಣ ಕಪ್ಪು ಗೆರೆ. ಒತ್ತಕ್ಷರದ ಕೊಂಬಿನಂಥದ್ದು, ಒಂದೇ ಚುಕ್ಕೆ ದಪ್ಪ. ಸಾಲಿನಲ್ಲಿ ಏಳು ಚುಕ್ಕೆ 250, ನಾಲ್ಕನೆಯದು ಮಾತ್ರ 50. ರೂಪಾಂತರ ಮಾಡಿದರೆ:

636, −20, 92, 56, −71, −83, 38, 98.

ಆಕಾಶದ ಸಾಲಿನ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಇಲ್ಲಿ ಎಸೆಯಬಹುದಾದದ್ದು ಒಂದೂ ಇಲ್ಲ. ಕೊನೆಯ ಸಂಖ್ಯೆಯೇ ಎರಡನೆಯ ದೊಡ್ಡದು. ಆದರೂ ಎಸೆಯುವ ಯಂತ್ರಕ್ಕೆ ಇದು ಅಕ್ಷರ ಎಂದು ಯಾರು ಹೇಳಬೇಕು? ಕೊನೆಯ ನಾಲ್ಕನ್ನು ತೆಗೆದು ಸಾಲನ್ನು ಮರಳಿ ಕಟ್ಟಿದರೆ, 50 ಇದ್ದ ಕಪ್ಪು ಚುಕ್ಕೆ 165 ಆಗುತ್ತದೆ. ಅದರ ಎಡಗಡೆಯ ಬಿಳಿ 175ಕ್ಕೆ ಇಳಿಯುತ್ತದೆ, ಬಲಗಡೆಯದು 200ಕ್ಕೆ. ಗೆರೆ ಹೋಯಿತು, ಅದರ ಜಾಗದಲ್ಲಿ ಮೂರು ಚುಕ್ಕೆ ಅಗಲದ ಬೂದು ಕೊಳೆ ಉಳಿಯಿತು. ನಿಜವಾದ ಜೆಪೆಗ್ ಇಷ್ಟು ಒರಟಾಗಿ ಒಂದೇ ಏಟಿಗೆ ನಾಲ್ಕನ್ನೂ ತೆಗೆಯುವುದಿಲ್ಲ, ನಿಜ. ಆದರೆ ಮೂರು ನಾಲ್ಕು ಕೈ ದಾಟಿ, ಪ್ರತಿ ಸಲವೂ ಕುಗ್ಗಿ, ಅಳತೆ ಬದಲಾಗಿ ಬಂದ ಫೋಟೊದಲ್ಲಿ ಆಗುವುದು ಹೆಚ್ಚುಕಡಿಮೆ ಇದೇ.

ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಹಳೆಯ ಕ್ರಯಪತ್ರವೊಂದರ ವಿಷಯಕ್ಕೆ ಮಾತು ಬೆಳೆದಿತ್ತು. ಅವರ ಬಳಿ ಇದ್ದದ್ದು ಮೊಬೈಲಿಗೆ ಬಂದ ಫೋಟೊ. ಸರ್ವೆ ನಂಬರು ಕನ್ನಡ ಅಂಕಿಯಲ್ಲಿದೆ. ಮನೆಯ ಹಿರಿಯರು ೩೧ ಎನ್ನುತ್ತಾರೆ, ಕಿರಿಯರು ೭೧ ಎನ್ನುತ್ತಾರೆ. ಚಿತ್ರ ಸಂಸ್ಕರಣೆ ಕಲಿಸುವವರು ನೀವು, ಏನಾದರೂ ಮಾಡಿ ಸ್ಪಷ್ಟ ಮಾಡಿಕೊಡಿ ಎಂದರು. ೩ಕ್ಕೂ ೭ಕ್ಕೂ ನಡುವೆ ಇರುವುದು ಒಂದು ಬಾಗಿನ ಸಣ್ಣ ತಿರುವು, ಆ ತಿರುವು ಇರಬೇಕಾದ ಚೌಕದಲ್ಲಿ ಬರೀ ಮಬ್ಬು. ಮಬ್ಬನ್ನು ತೀಡಿ ಚೂಪು ಮಾಡಬಹುದು, ಆದರೆ ಹಾಗೆ ಚೂಪಾದದ್ದು ಮಬ್ಬೇ ಹೊರತು ಅಂಕಿಯಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ ಎಂದೆ. ಸಿನಿಮಾದಲ್ಲಿ ಪೊಲೀಸರು ಗುಂಡಿ ಒತ್ತಿದೊಡನೆ ನಂಬರ್ ಪ್ಲೇಟು ಸ್ಪಷ್ಟವಾಗುವುದನ್ನು ನೋಡಿ ಬೆಳೆದವರಿಗೆ ಈ ಉತ್ತರದಿಂದ ಸಮಾಧಾನವಾಗುವುದಿಲ್ಲ.

ನೋಡುಗ ಬದಲಾದಾಗ ಏನಾಗುತ್ತದೆ ಎಂಬುದನ್ನು ಮೊದಲೇ ಅರಿತು ನಡೆದವರೂ ಇದ್ದಾರೆ. ಅಮೆರಿಕದ ಎಫ್‌ಬಿಐ ಬಳಿ ಕೋಟಿಗಟ್ಟಲೆ ಬೆರಳಚ್ಚು ಕಾರ್ಡುಗಳಿದ್ದವು. ಅವನ್ನು ಡಿಜಿಟಲ್ ಮಾಡಲು ಹೊರಟಾಗ ಕಾರ್ಡಿಗೆ ಸುಮಾರು 10 ಎಂಬಿ ಆಗುತ್ತಿತ್ತು. ಜೆಪೆಗ್ ಆಗಷ್ಟೇ ತಯಾರಾಗಿತ್ತು, ಬಳಸಿ ನೋಡಿದರು. ಎಂಟು ಚುಕ್ಕೆಯ ಚೌಕಗಳ ಅಂಚುಗಳು ಬೆರಳಿನ ಏಣುಗಳ ನಡುವೆ ಎದ್ದು ಕಂಡವು, ಬೆವರಿನ ರಂಧ್ರದಂಥ ಸಣ್ಣ ಗುರುತುಗಳು ಮಾಯವಾದವು. ಬೆರಳಚ್ಚು ತಜ್ಞ ನೋಡುವುದೇ ಅವುಗಳನ್ನು. ಹಾಗಾಗಿ ಅವರು ಜೆಪೆಗ್ಗನ್ನು ಬಿಟ್ಟು, 1993ರಲ್ಲಿ ವೇವ್ಲೆಟ್ ಎಂಬ ಬೇರೆ ಬಗೆಯ ಅಲೆಗಳ ಮೇಲೆ ನಿಂತ ತಮ್ಮದೇ ಮಾನಕ ಮಾಡಿಕೊಂಡರು. ಅದೂ ಎಸೆಯುತ್ತದೆ, ಏನನ್ನು ಎಸೆಯಬೇಕೆಂದು ಬೆರಳಚ್ಚು ಓದುವವರನ್ನು ಕೇಳಿ ಎಸೆಯುತ್ತದೆ.

ಕೇಳದೆ ಎಸೆದರೆ ಏನಾಗುತ್ತದೆ ಎನ್ನುವುದಕ್ಕೆ 2013ರ ಪ್ರಸಂಗ. ಡೇವಿಡ್ ಕ್ರೀಸೆಲ್ ಎಂಬ ಜರ್ಮನ್ ಕಂಪ್ಯೂಟರ್ ವಿಜ್ಞಾನಿಗೆ ಒಂದು ಕಟ್ಟಡದ ನಕ್ಷೆಯ ಸ್ಕ್ಯಾನ್ ಬಂತು. ಮೂಲದಲ್ಲಿ ಮೂರು ಕೋಣೆಗಳ ವಿಸ್ತೀರ್ಣ ಮೂರು ಬಗೆ: 14.13, 21.11, 17.42 ಚದರ ಮೀಟರ್. ಸ್ಕ್ಯಾನ್‌ನಲ್ಲಿ ದೊಡ್ಡ ಕೋಣೆಯಲ್ಲೂ 14.13 ಎಂದೇ ಇದೆ, ಅಕ್ಷರ ಮಾತ್ರ ಸ್ಫುಟವಾಗಿದೆ. ಸ್ಕ್ಯಾನರ್ ನಾವು ಅಂಗಡಿ ಬೋರ್ಡುಗಳಲ್ಲಿ ದಿನವೂ ಓದುವ ಜೆರಾಕ್ಸ್ ಕಂಪನಿಯದು. ಅದರಲ್ಲಿ ಜೆಬಿಗ್-2 ಎಂಬ ವಿಧಾನ ಕೂತಿತ್ತು. ಪುಟದಲ್ಲಿ ಒಂದೇ ಥರ ಕಾಣುವ ತುಣುಕುಗಳು ಸಿಕ್ಕರೆ ಒಂದನ್ನಷ್ಟೇ ಉಳಿಸಿಕೊಂಡು ಉಳಿದ ಕಡೆ ಅದನ್ನೇ ಅಂಟಿಸುವುದು ಅದರ ಜಾಣತನ. 6 ಮತ್ತು 8 ಅದಕ್ಕೆ ಒಂದೇ ಥರ ಕಂಡಾಗ ಲೆಕ್ಕದ ಪಟ್ಟಿಗಳಲ್ಲಿ 6 ಹೋಗಿ 8 ಬಂತು. ಕಂಪನಿ ಸಮಸ್ಯೆಯನ್ನು ಒಪ್ಪಿ ತಿದ್ದುಪಡಿ ಬಿಡುಗಡೆ ಮಾಡಿತು. ಜೆಪೆಗ್ ಹಾಳು ಮಾಡಿದರೆ ಹಾಳಾಗಿದೆ ಎಂದಾದರೂ ಕಾಣುತ್ತದೆ. ಇಲ್ಲಿ ಹಾಳಾದದ್ದು ನೀಟಾಗಿ, ಅಚ್ಚುಕಟ್ಟಾಗಿ, ಯಾರಿಗೂ ಅನುಮಾನ ಬಾರದ ಹಾಗೆ ಬಂದು ನಿಂತಿತ್ತು. ಈ ಎರಡು ಬಗೆಯ ಹಾನಿಗಳ ಭೇದವನ್ನು ದಯವಿಟ್ಟು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಈಗ ಯಂತ್ರದ ಕಣ್ಣಿಗೆ ಬರೋಣ. 2012ರಲ್ಲಿ ಟೊರಾಂಟೊದ ಕ್ರಿಜೆವ್‌ಸ್ಕಿ, ಸುಟ್ಸ್ಕೆವರ್ ಮತ್ತು ಹಿಂಟನ್ ಅವರ ನರಜಾಲ, ಅಂದರೆ ಉದಾಹರಣೆಗಳಿಂದ ಕಲಿಯುವ ತಂತ್ರಾಂಶ, ಚಿತ್ರದಲ್ಲಿರುವ ವಸ್ತುವನ್ನು ಗುರುತಿಸುವ ಇಮೇಜ್‌ನೆಟ್ ಸ್ಪರ್ಧೆಯನ್ನು ಗೆದ್ದಿತು. ಸಾವಿರ ಬಗೆಯ ವಸ್ತುಗಳು, ಕಲಿಯಲು ಸುಮಾರು 12 ಲಕ್ಷ ಚಿತ್ರಗಳು. ಎರಡನೆಯ ಸ್ಥಾನದವರ ತಪ್ಪಿನ ಪ್ರಮಾಣ ಶೇ. 26.2, ಇವರದು ಶೇ. 15.3. ಇಂದಿನ ಕಂಪ್ಯೂಟರ್ ವಿಷನ್‌ನ ಭರಾಟೆ ಹೊರಟದ್ದು ಅಲ್ಲಿಂದ. ಆ ಲಕ್ಷಾಂತರ ಚಿತ್ರಗಳು ಅಂತರ್ಜಾಲದಿಂದ ಕೂಡಿಸಿದವು, ಜೆಪೆಗ್ ಆಗಿದ್ದವು. ಯಂತ್ರ ಜಗತ್ತನ್ನು ನೋಡಲು ಕಲಿತದ್ದು ಮನುಷ್ಯನ ಕಣ್ಣಿಗೆಂದು ಸೋಸಿಟ್ಟದ್ದರಿಂದ.

ಅದು ಮನುಷ್ಯನ ಹಾಗೆಯೇ ನೋಡಿದ್ದರೆ ತೊಂದರೆ ಇರಲಿಲ್ಲ. 2019ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ರಾಬರ್ಟ್ ಗೈರ್‌ಹೋಸ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಬೆಕ್ಕಿನ ಆಕಾರ ಹಾಗೇ ಇಟ್ಟು, ಅದರ ಮೈಗೆ ಆನೆಯ ಚರ್ಮದ ಸುಕ್ಕು ತೊಡಿಸಿದರು. ಮನುಷ್ಯರನ್ನು ಕೇಳಿದರೆ ಬೆಕ್ಕು ಎಂದರು, ಇಮೇಜ್‌ನೆಟ್‌ನಲ್ಲಿ ಕಲಿತ ಜಾಲ ಆನೆ ಎಂದಿತು. ನಾವು ಆಕಾರಕ್ಕೆ ಮನಸೋಲುತ್ತೇವೆ, ಅದು ಮೈಯ ನೇಯ್ಗೆಗೆ. ನೇಯ್ಗೆಯ ನವಿರು ಇರುವುದು ಚುರುಕು ಅಲೆಗಳಲ್ಲಿ. ಜೆಪೆಗ್ಗಿನ ಕತ್ತರಿ ಮೊದಲು ಬೀಳುವುದೂ ಅಲ್ಲಿಗೇ. ಹಾಗಾದರೆ ಜೆಪೆಗ್ ಆದೊಡನೆ ಯಂತ್ರ ಕುರುಡಾಗಬೇಕಲ್ಲವೆ? ಹಾಗೂ ಆಗುವುದಿಲ್ಲ. ಅರಿಜೋನಾದ ಡಾಜ್ ಮತ್ತು ಕರಮ್ 2016ರಲ್ಲಿ ಪರೀಕ್ಷಿಸಿದಾಗ ಜಾಲಗಳು ಮಬ್ಬಿಗೆ, ನಾಯ್ಸ್ ಎನ್ನುವ ಚುಕ್ಕೆಗಳ ಗದ್ದಲಕ್ಕೆ ಬೇಗ ಸೋತವು. ಜೆಪೆಗ್ ಹಾನಿಯನ್ನು ಮಾತ್ರ ಅದು ಬಹಳ ಕೆಡುವವರೆಗೆ ತಡೆದುಕೊಂಡವು. ಕಲಿತದ್ದೇ ಜೆಪೆಗ್‌ನಲ್ಲಿ, ಅದು ಒಗ್ಗಿ ಹೋಗಿರಬೇಕು ಎಂಬುದು ನನ್ನ ಊಹೆ. ಬೆಕ್ಕು, ಆನೆ, ಕಾರುಗಳ ಮಟ್ಟಕ್ಕೆ ಈ ಒಗ್ಗುವಿಕೆ ಸಾಕು. ಎದೆಯ ಎಕ್ಸ್‌ರೇಯಲ್ಲಿ ಕೂದಲೆಳೆಯ ಬಿರುಕು ಹುಡುಕುವ ಯಂತ್ರಕ್ಕೂ ಸಾಕೆ? ಆಸ್ಪತ್ರೆಗಳ ಡೈಕಾಮ್ ವ್ಯವಸ್ಥೆಯಲ್ಲಿ ಏನನ್ನೂ ಎಸೆಯದೆ ಕುಗ್ಗಿಸುವ ಮಾರ್ಗಗಳನ್ನು ಇಟ್ಟಿರುವುದು ಇದಕ್ಕೇ. ಆದರೆ ನಮ್ಮ ಊರುಗಳಲ್ಲಿ ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊಬೈಲಿನಲ್ಲಿ ಫೋಟೊ ತೆಗೆದು, ಪಟ್ಟಣದ ಡಾಕ್ಟರಿಗೆ ವಾಟ್ಸ್ಆ್ಯಪ್ ಮಾಡುತ್ತಾರೆ. ತುರ್ತಿಗೆ ಅದು ಜೀವ ಉಳಿಸಬಹುದು, ನಾನು ಬೇಡ ಎನ್ನಲಾರೆ. ಆ ಫೋಟೊಗಳನ್ನೇ ಕೂಡಿಸಿ ಯಂತ್ರಕ್ಕೆ ಕಲಿಸಲು ಹೊರಡುವುದನ್ನು ಮಾತ್ರ ಬೇಡ ಎನ್ನುತ್ತೇನೆ.

ಎಸೆದದ್ದರ ಗುರುತೂ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತದೆ. ಆ 64 ಭಾಜಕಗಳ ಕೋಷ್ಟಕ ಕ್ಯಾಮೆರಾದಿಂದ ಕ್ಯಾಮೆರಾಕ್ಕೆ, ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಹ್ಯಾನಿ ಫರೀದ್ ಮೊದಲಾದ ಸಂಶೋಧಕರು ಇದನ್ನೇ ಹಿಡಿದು ಫೋಟೊ ಕ್ಯಾಮೆರಾದಿಂದ ನೇರವಾಗಿ ಬಂದದ್ದೋ, ನಡುವೆ ತಿದ್ದಿ ಮತ್ತೆ ಉಳಿಸಿದ್ದೋ ಎಂದು ಪತ್ತೆ ಮಾಡುವ ದಾರಿ ತೋರಿಸಿದರು. ಎರಡು ಸಲ ಕುಗ್ಗಿದ ಚಿತ್ರದ ಕೊಸೈನ್ ಸಂಖ್ಯೆಗಳಲ್ಲಿ ನಿಯತವಾದ ಖಾಲಿ ಜಾಗಗಳು ಬೀಳುತ್ತವೆ. ಫಾರ್ವರ್ಡ್ ಆಗಿ ಬಂದ ಚಿತ್ರದಲ್ಲಿ ಈ ಸಾಕ್ಷ್ಯ ಕಲೆಸಿಹೋಗಿರುತ್ತದೆ. ವಕೀಲ ಮಿತ್ರರು ಇಲ್ಲಿದ್ದರೆ ಅವರಿಗೊಂದು ಮಾತು: 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಹ್ಯಾಶ್ ಮೌಲ್ಯ, ಅಂದರೆ ಅದರ ಬೈಟುಗಳಿಂದ ಲೆಕ್ಕ ಹಾಕಿದ ಗುರುತು, ಬರೆಯಬೇಕು. ಒಂದೇ ಬೈಟ್ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಫೋಟೊ ಕಾನೂನಿಗೆ ಎರಡು ಬೇರೆ ವಸ್ತು. ಕಕ್ಷಿದಾರರು ಮೂಲ ಫೋನನ್ನು ಹಾಗೇ ಇಟ್ಟುಕೊಂಡಿರಲಿ.

ಹೀಗೆ ಆರಿಸಿ ಉಳಿಸಿಕೊಳ್ಳುವುದು ಕಂಪ್ಯೂಟರ್ ಬಂದ ಮೇಲೆ ಶುರುವಾದದ್ದಲ್ಲ. ಶಾಸನತಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಶ್ಶಿನಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ತಗ್ಗು ಬಿಳಿ, ಉಬ್ಬು ಕಪ್ಪು. ಕರ್ಶ್ ಅವರ ಸ್ಕ್ಯಾನರಿನ ಹಾಗೆ ನಡುವಿನದು ಇಲ್ಲ. ಉಳಿಯ ಏಟಿನ ಆಳ, ಸವೆತದ ಏರಿಳಿತ ಕಾಗದಕ್ಕೆ ಬರುವುದಿಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಊರ ಸುತ್ತಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಿಂದ ದಾಖಲಿಸುವ ಕೆಲಸ ಮಾಡುತ್ತಿದೆ. ಅದರಲ್ಲಿ ಕಲ್ಲಿನ ಮೇಲ್ಮೈಯ ಆಳವೇ ಸಂಖ್ಯೆಯಾಗಿ ಉಳಿಯುತ್ತದೆ. ಬೆಳಕನ್ನು ಯಾವ ಕಡೆಯಿಂದ ಬೀಳಿಸಬೇಕೆಂಬುದನ್ನು ನಾಳೆಯ ಓದುಗ ಪರದೆಯ ಮೇಲೆ ತಾನೇ ತೀರ್ಮಾನಿಸಬಹುದು. ಯಾರು ನೋಡುತ್ತಾರೋ ಗೊತ್ತಿಲ್ಲದಿದ್ದಾಗ ಎಲ್ಲವನ್ನೂ ಉಳಿಸಿಕೊಳ್ಳುವುದೇ ಸರಿ ಎಂದು ಆ ತಂಡ ನಡೆಯುತ್ತಿದೆ. ದುಬಾರಿ ದಾರಿ, ಆದರೆ ಕಲ್ಲುಗಳು ರಸ್ತೆ ಅಗಲೀಕರಣದಲ್ಲಿ ಕಾಣೆಯಾಗುವ ಊರಿನಲ್ಲಿ ಬೇರೆ ದಾರಿ ಇಲ್ಲ.

ಇನ್ನು ಮುಂದಿನದು. ಜೆಪೆಗ್ ಸಮಿತಿಯಿಂದಲೇ ಜೆಪೆಗ್ ಎಐ ಎಂಬ ಹೊಸ ಮಾನಕ 2025ರಲ್ಲಿ ಬಂದಿದೆ. ಕೊಸೈನ್ ಅಲೆಗಳ ಜಾಗದಲ್ಲಿ ತರಬೇತಿ ಪಡೆದ ನರಜಾಲ. ಮನುಷ್ಯನ ಕಣ್ಣಿಗೂ ಯಂತ್ರದ ಕೆಲಸಕ್ಕೂ ಒಂದೇ ಕುಗ್ಗಿಸಿದ ಫೈಲು ಆಗಿಬರಬೇಕು ಎಂಬುದು ಅದರ ಗುರಿಗಳಲ್ಲಿ ಒಂದು. ಎರಡನೆಯ ನೋಡುಗನನ್ನು ಸಮಿತಿ ಕೊನೆಗೂ ಲೆಕ್ಕಕ್ಕೆ ತೆಗೆದುಕೊಂಡಿದೆ, ಸಂತೋಷ. ನನ್ನ ಆತಂಕ ಬೇರೆ. ಕೊಸೈನ್ ಅಲೆ ಎಸೆದರೆ ಮಬ್ಬು ಉಳಿಯುತ್ತಿತ್ತು, ಇಲ್ಲಿ ಏನೋ ಇಲ್ಲ ಎಂದು ನಮಗೆ ತಿಳಿಯುತ್ತಿತ್ತು. ಕಲಿತ ಜಾಲ ತಾನು ಹಿಂದೆ ಕಂಡದ್ದರ ಬಲದಿಂದ ಖಾಲಿ ಜಾಗವನ್ನು ತುಂಬಬಲ್ಲದು. ತುಂಬಿದ್ದು ಸ್ಫುಟವಾಗಿರುತ್ತದೆ, ಸಹಜವಾಗಿಯೂ ಇರುತ್ತದೆ. ಕ್ರೀಸೆಲ್ ಅವರ ನಕ್ಷೆಯ ಕೋಣೆ ನೆನಪಿಸಿಕೊಳ್ಳಿ. ನಮ್ಮ ಬಂಧುಗಳ ಕ್ರಯಪತ್ರ ಇಂಥ ಜಾಲದ ಕೈಗೆ ಸಿಕ್ಕಿದ್ದರೆ ೩೧ ಎಂದೋ ೭೧ ಎಂದೋ ಹೊಳೆಹೊಳೆಯುವ ಅಂಕಿ ಬಂದಿರುತ್ತಿತ್ತು, ಜಗಳವೂ ಮುಗಿದಿರುತ್ತಿತ್ತು, ಯಾರದೋ ಜಮೀನು ಹೋಗಿರುತ್ತಿತ್ತು.

ಜಾಲ ಏನನ್ನು ತುಂಬುತ್ತದೆ ಎಂಬುದು ಅದಕ್ಕೆ ಏನನ್ನು ತೋರಿಸಿ ಪರೀಕ್ಷಿಸಿದರು ಎಂಬುದರ ಮೇಲೆ ನಿಂತಿದೆ. ಈ ವಿದ್ಯೆಯ ಚರಿತ್ರೆಯಲ್ಲಿ ಅತಿ ಹೆಚ್ಚು ಬಳಕೆಯಾದ ಪರೀಕ್ಷಾಚಿತ್ರ ಲೆನಾ. 1970ರ ದಶಕದ ಆರಂಭದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ಲೇಬಾಯ್ ಪತ್ರಿಕೆಯ ಪುಟವೊಂದನ್ನು ಸ್ಕ್ಯಾನ್ ಮಾಡಿದ್ದು. ಅದನ್ನು ಬಳಸಿದ ಪ್ರಬಂಧಗಳನ್ನು ಐಇಇಇ ಕಂಪ್ಯೂಟರ್ ಸೊಸೈಟಿ ಸ್ವೀಕರಿಸುವುದನ್ನು ನಿಲ್ಲಿಸಿದ್ದು 2024ರ ಏಪ್ರಿಲ್‌ನಲ್ಲಿ. ಹೆಣ್ಣುಮಕ್ಕಳ ಘನತೆಯ ಪ್ರಶ್ನೆ ಅದಕ್ಕೆ ಕಾರಣ, ಬಹಳ ಹಿಂದೆಯೇ ಆಗಬೇಕಿತ್ತು. ಯಾರೂ ಅಷ್ಟಾಗಿ ಆಡದ ಇನ್ನೊಂದು ಮಾತಿದೆ: ಆ ಚಿತ್ರದಲ್ಲಿ ನಯವಾದ ಭುಜವಿದೆ, ಟೋಪಿಯ ಗರಿಯಿದೆ, ಒಂದೇ ಒಂದು ಅಕ್ಷರವಿಲ್ಲ. ಎಷ್ಟೋ ವಿಧಾನಗಳು ಆ ಭುಜ ಚೆನ್ನಾಗಿ ಬಂತೆಂದು ಪಾಸಾದವು.

ಕನ್ನಡಕ್ಕೆ ಏನೂ ಇಲ್ಲವೆಂದಲ್ಲ. 2009ರಲ್ಲಿ ಡಿ ಕ್ಯಾಂಪೋಸ್, ರಾಕೇಶ್ ಬಾಬು ಮತ್ತು ಮಾಣಿಕ್ ವರ್ಮ ಬೆಂಗಳೂರಿನ ಬೀದಿಗಳ ಬೋರ್ಡುಗಳಿಂದ ಇಂಗ್ಲಿಷ್ ಮತ್ತು ಕನ್ನಡ ಅಕ್ಷರಗಳನ್ನು ಕೂಡಿಸಿದರು. ಇಂಗ್ಲಿಷಿಗೆ ಅಂಕಿಗಳೂ ಸೇರಿ 62 ವರ್ಗ ಸಾಕಾದವು, ಕನ್ನಡಕ್ಕೆ ಗುಣಿತಾಕ್ಷರ ಸೇರಿ 650ಕ್ಕೂ ಹೆಚ್ಚು ಬೇಕಾದವು. 2019ರಲ್ಲಿ ವಿನಯ್ ಪ್ರಭು ಅವರು ಬೆಂಗಳೂರಿನ 65 ಸ್ವಯಂಸೇವಕರಿಂದ ಕನ್ನಡ ಅಂಕಿ ಬರೆಸಿ ಕನ್ನಡ-ಎಂನಿಸ್ಟ್ ಎಂಬ ಸಂಗ್ರಹ ಮಾಡಿದರು. ಜೊತೆಗೆ ಕನ್ನಡ ಗೊತ್ತಿಲ್ಲದವರಿಂದ ಕ್ಯಾಲಿಫೋರ್ನಿಯಾದಲ್ಲಿ ಬರೆಸಿದ ಇನ್ನೊಂದು ಕಂತನ್ನೂ ಇಟ್ಟರು. ಮೊದಲನೆಯದರಲ್ಲಿ ಚೆನ್ನಾಗಿ ಪಾಸಾದ ಜಾಲ ಎರಡನೆಯದರಲ್ಲಿ ಬಹಳ ಕೆಳಗಿಳಿಯಿತು. ಪರೀಕ್ಷೆ ಎಂದರೆ ಹಾಗಿರಬೇಕು.

ಹಾಗಾಗಿ ಇಲ್ಲಿನ ವಿದ್ಯಾರ್ಥಿಗಳಿಗೆ ನನ್ನದೊಂದು ಬೇಡಿಕೆ. ಪ್ರಾಜೆಕ್ಟ್ ಎಂದೊಡನೆ ಇನ್ನೊಂದು ಮುಖ ಗುರುತಿಸುವ ಹಾಜರಿ ವ್ಯವಸ್ಥೆ ಮಾಡಬೇಡಿ, ಆಗಿರುವುದು ಸಾಕು. ಹೊಸ ಕುಗ್ಗಿಸುವ ವಿಧಾನಗಳನ್ನು ಒರೆಗೆ ಹಚ್ಚಲು ಒಂದು ಕನ್ನಡ ಪರೀಕ್ಷಾಸಂಗ್ರಹ ಕಟ್ಟಿ. ಅದರಲ್ಲಿ ಮನೆಯವರ ಒಪ್ಪಿಗೆ ಪಡೆದು, ಹೆಸರು ಮರೆಸಿ ತೆಗೆದ ಹಳೆಯ ಕ್ರಯಪತ್ರಗಳಿರಲಿ, ಮೋಡಿ ಲಿಪಿ ಬೆರೆತ ಕಡತಗಳಿರಲಿ, ಮಳೆಯಲ್ಲಿ ತೊಯ್ದ ಬಸ್ಸಿನ ಬೋರ್ಡು, ಮೊಳೆ ಜೋಡಿಸಿ ಅಚ್ಚು ಹಾಕಿದ ಪುಸ್ತಕದ ಒತ್ತಕ್ಷರಗಳು, ಔಷಧಿ ಚೀಟಿ, ಶಾಸನದ ಕಲ್ಲು ಇರಲಿ. ಪ್ರತಿಯೊಂದರ ಕುಗ್ಗಿಸದ ಮೂಲವನ್ನೂ, ಅಲ್ಲಿ ನಿಜಕ್ಕೂ ಬರೆದಿರುವುದೇನು ಎಂದು ಇಬ್ಬರು ಬೇರೆ ಬೇರೆ ಓದಿ ಬರೆದ ಪಾಠವನ್ನೂ ಜೊತೆಗಿಡಿ. ಆಮೇಲೆ ಯಾವ ವಿಧಾನ ಬಂದರೂ ಕುಗ್ಗಿಸಿ, ಬಿಡಿಸಿ, ಎಷ್ಟು ೩ ಹೋಗಿ ೭ ಆದವು ಎಂದು ಎಣಿಸಿ. ಈ ಎಣಿಕೆಗೆ ದೊಡ್ಡ ಯಂತ್ರ ಬೇಡ, ಅನುದಾನವೂ ಬೇಡ. ಅರ್ಜಿ ಹಾಕಿದರೆ ತೀರಾ ಸರಳವಾಯಿತು ಎಂದು ತಿರುಗಿ ಬರಬಹುದು, ಬರಲಿ. ಮೊದಲ ಕಂತಿಗೆ ಬೇಕಾದ ಕಾಗದಗಳು ನನ್ನ ಬಳಿ ಒಂದು ಟ್ರಂಕಿನಷ್ಟಿವೆ. ಸ್ಕ್ಯಾನರ್ ಇರುವವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಿ.